ಬೇಸಿಗೆಯಲ್ಲಿ ಬಯಲು ಕೋರ್ಟ್ ನೋಡಿಕೊಳ್ಳೋದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ನಮ್ಮ ವಸತಿ ಸಮುಚ್ಚಯದ ಟೆನ್ನಿಸ್ ಕೋರ್ಟ್ ಉಸ್ತುವಾರಿ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ಡಾಂಬರಿನ ತಳ, ಮೇಲೆ ಅಕ್ರಿಲಿಕ್ ಬಣ್ಣ. ಪಕ್ಕದಲ್ಲೇ ಮಕ್ಕಳ ಮಣ್ಣಿನ ವಾಲಿಬಾಲ್ ಕೋರ್ಟ್. ಬಿಸಿಲು ಏರಿದ ಮೇಲೆ ಅಲ್ಲಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಬೇಸ್‌ಲೈನ್ ಹತ್ತಿರ ಉದ್ದಕ್ಕೆ ಒಂದು ಬಿರುಕು, ಮಣ್ಣಿನ ಕೋರ್ಟಂತೂ ಬರೀ ಧೂಳು. ಪೇಂಟ್‌ನವರು "ಬೇಸಿಗೇನೇ ಒಳ್ಳೆ ಕಾಲ, ಈಗಲೇ ಹೊಡೆಸಿಬಿಡಿ" ಅಂತಿದ್ದಾರೆ. ಹೊಡೆಸಲಾ, ಕಾಯಲಾ? ದಿನಾ ಏನೇನು ಮಾಡ್ಬೇಕು?

ಕ್ಲಬ್ ಕೋರ್ಟ್‌ಗಳ ಉಸ್ತುವಾರಿ: ಪೇಂಟ್ ವಿಚಾರ ಪಕ್ಕಕ್ಕಿಡಿ, ಮೊದಲು ಗುಳ್ಳೆ ನೋಡಿ. ಗುಳ್ಳೆಗೆ ಬಿಸಿಲು ನೆಪ ಅಷ್ಟೇ. ತಳದಲ್ಲಿ ಎಲ್ಲೋ ತೇವ ಇದೆ, ಕಾದಾಗ ಅದು ಆವಿಯಾಗಿ ಮೇಲಕ್ಕೆ ಬರುತ್ತೆ, ಅಕ್ರಿಲಿಕ್ ಪದರ ದಾರಿ ಬಿಡದಿದ್ದರೆ ಉಬ್ಬುತ್ತೆ. ಒಂದು ಗುಳ್ಳೆಯನ್ನ ಬ್ಲೇಡಿನಿಂದ ಕೊಯ್ದು ಸಿಪ್ಪೆ ಮಗುಚಿ ನೋಡಿ. ಒಳಗೆ ಡಾಂಬರು ತೇವವಾಗಿ, ಇನ್ನೂ ಕಪ್ಪಾಗಿ ಕಂಡರೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ. ಎತ್ತರದಲ್ಲಿರೋ ಹೂದೋಟ, ಸೋರೋ ಪೈಪು, ಕಟ್ಟಿಕೊಂಡ ಚರಂಡಿ, ಇವೇ ಸಾಮಾನ್ಯ ಕಳ್ಳರು. ಒಳಗೆ ಒಣಗಿದ ಧೂಳು ಅಂಟಿದ್ದರೆ ಕಥೆ ಬೇರೆ: ಹಿಂದಿನ ಸಲ ಸರಿಯಾಗಿ ತೊಳೆಯದೆ ಬಳಿದಿದ್ದಾರೆ. ತೇವ ನಿಲ್ಲಿಸದೆ ಎಷ್ಟು ಕೋಟ್ ಹೊಡೆದರೂ ಗುಳ್ಳೆ ಮತ್ತೆ ಬರುತ್ತೆ.

ಬಿರುಕನ್ನ ಮಧ್ಯಾಹ್ನ ನೋಡಿ ತೀರ್ಮಾನ ಮಾಡ್ಬೇಡಿ. ಡಾಂಬರು ಬಿಸಿಗೆ ಹಿಗ್ಗಿ ಬಿರುಕಿನ ಬಾಯಿ ಕೂಡಿಸುತ್ತೆ, ನಸುಕಿನ ತಂಪಿಗೆ ಕುಗ್ಗಿ ತೆರೆಯುತ್ತೆ. ಸೂರ್ಯ ಹುಟ್ಟೋ ಮೊದಲು ಹೋಗಿ ಸೀಮೆಸುಣ್ಣದಲ್ಲಿ ಎರಡೂ ತುದಿ ಗುರುತು ಹಾಕಿ. ತುಂಬೋದೂ ಆ ತಂಪಲ್ಲೇ. ಮಧ್ಯಾಹ್ನ ಬಾಯಿ ಕಿರಿದಾಗಿದ್ದಾಗ ತುಂಬಿದ್ದು ಚಳಿಗೆ ಪಕ್ಕದಿಂದ ಬಿಟ್ಟುಕೊಳ್ಳುತ್ತೆ. ರಸ್ತೆಗೆ ಹಾಕೋ ಕರಗಿಸಿದ ಡಾಂಬರನ್ನ ಸುರಿಯೋಕೆ ಮಾತ್ರ ಬಿಡಬೇಡಿ. ಬಿಸಿಲಿಗೆ ಮೆತ್ತಗಾಗಿ ಶೂಗೆ ಅಂಟುತ್ತೆ, ಮೇಲಿನ ಬಣ್ಣದಲ್ಲಿ ಕಂದು ಕಲೆಯಾಗಿ ಏಳುತ್ತೆ. ಅಕ್ರಿಲಿಕ್ ಕೋರ್ಟಿಗೆ ಅದರದೇ ಫಿಲ್ಲರ್ ಸಿಗುತ್ತೆ. ತಳವೇ ಕದಲಿದ ಬಿರುಕಾದರೆ ಯಾವ ಫಿಲ್ಲರೂ ಶಾಶ್ವತ ಅಲ್ಲ, ಅದು ತಿಳಿದಿರಲಿ.

ಪೇಂಟ್‌ನವರ ಮಾತು ಅರ್ಧ ನಿಜ. ಮಳೆ ಇಲ್ಲದ ಕಾಲ ಬೇಕು, ಸರಿ. ಆದರೆ ಅಕ್ರಿಲಿಕ್ ನೀರಿನ ಬಣ್ಣ, ಕಾದ ನೆಲದ ಮೇಲೆ ಬಿದ್ದ ತಕ್ಷಣ ನೀರು ಹಾರಿಹೋದರೆ ಕೆಳಗೆ ಕಚ್ಚೋದೇ ಇಲ್ಲ. ಪಟ್ಟಿಪಟ್ಟಿಯಾಗಿ ಗೆರೆ ನಿಲ್ಲುತ್ತೆ. ನೆರಳಲ್ಲಿ 35 ಡಿಗ್ರಿ ಇದ್ದ ದಿನ ಗಾಢ ಬಣ್ಣದ ಕೋರ್ಟಿನ ಮೈ 60 ಡಿಗ್ರಿ ಹತ್ತಿರ ಹೋಗುತ್ತೆ. ಬೆಳಕು ಹರಿಯುತ್ತಿದ್ದಂತೆ ಶುರು ಮಾಡಿ ಬಿಸಿಲು ಚುರುಕಾಗೋ ಮುಂಚೆ ನಿಲ್ಲಿಸೋಕೆ ಒಪ್ಪಿದರೆ ಹೊಡೆಸಿ. ನೆಲ ಬೆಚ್ಚಗಿದ್ದರೆ ಮುಂದೆ ಮುಂದೆ ತೆಳ್ಳಗೆ ನೀರು ಸಿಂಪಡಿಸಿಕೊಂಡು ಹೋಗಬೇಕು, ಹನಿ ನಿಲ್ಲಬಾರದು. ಬೇಗ ಒಣಗುತ್ತೆ ಅಂತ ಡಬ್ಬಿಗೇ ಸಿಕ್ಕಾಪಟ್ಟೆ ನೀರು ಬೆರೆಸೋದನ್ನ ಒಪ್ಪಬೇಡಿ. ಬಣ್ಣದಲ್ಲಿ ಬೆರೆತಿರೋ ಮರಳು ಡಬ್ಬಿಯ ತಳ ಸೇರಿ ಒಂದು ಕಡೆ ನುಣುಪು, ಇನ್ನೊಂದು ಕಡೆ ತರಿತರಿ ಆಗುತ್ತೆ. ಗೆರೆ ಎಳೆದ ಮೇಲೆ ಮಾಸ್ಕಿಂಗ್ ಟೇಪ್ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗೋದು ಬೇಡ, ಅಂಟೆಲ್ಲ ನೆಲದಲ್ಲೇ ಉಳಿಯುತ್ತೆ.

ದಿನಾ ಮಾಡಬೇಕಾದ್ದು ಗುಡಿಸೋದು. ಧೂಳಿದ್ದ ಕೋರ್ಟಲ್ಲಿ ಆಡೋದು ಅಂದ್ರೆ ಶೂಗೆ ಉಪ್ಪುಕಾಗದ ಕಟ್ಟಿಕೊಂಡು ಓಡಿದ ಹಾಗೆ.

ಮಣ್ಣಿನ ಕೋರ್ಟ್ ನೋಡಿಕೊಳ್ಳುವವನು: ವಾಲಿಬಾಲ್ ಕೋರ್ಟ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ, ನಾನೇ ಹೇಳ್ತೀನಿ. ಆಟಕ್ಕೆ ಹತ್ತು ನಿಮಿಷ ಮುಂಚೆ ಪೈಪ್ ಹಿಡಿಯೋದು ದಂಡ. ಮೇಲೆ ಕೆಸರು, ಒಂದು ಬೆರಳು ಕೆಳಗೆ ಹಿಟ್ಟು. ಆಟ ಮುಗಿದ ಮೇಲೆ, ರಾತ್ರಿ, ನಿಧಾನವಾಗಿ ಆಳಕ್ಕೆ ಇಳಿಯೋ ಹಾಗೆ ಕೊಡಿ. ಬೆಳಿಗ್ಗೆ ಒಂದು ಹಿಡಿ ಮಣ್ಣು ಎತ್ತಿ ಅದುಮಿ ನೋಡಿ: ಉಂಡೆ ಆಗಬೇಕು, ಬೆರಳಿಗೆ ಮೆತ್ತಬಾರದು, ತಟ್ಟಿದರೆ ಒಡೀಬೇಕು. ಅದೇ ರೋಲರ್ ಹದ. ಹಸಿ ಇದ್ದಾಗ ಎಳೆದರೆ ಮಣ್ಣು ರೋಲರ್‌ಗೇ ಎದ್ದು ಬರುತ್ತೆ, ಪೂರ್ತಿ ಒಣಗಿದ ಮೇಲೆ ಎಳೆದರೆ ಬರೀ ಮೈನೋವು. ಸಂಜೆ ಆಟಕ್ಕೆ ಮುಂಚೆ ಧೂಳು ಅಡಗೋಷ್ಟು ಸಣ್ಣ ಸಿಂಚನ ಸಾಕು.

ಮಣ್ಣಲ್ಲಿ ತೇವ ಉಳಿದು ಧೂಳು ಅಡಗಲಿ ಅಂತ ಉಪ್ಪು ಹಾಕಿ ಅನ್ನೋ ಸಲಹೆ ಬಂದೇ ಬರುತ್ತೆ. ಗಾಳಿಯಲ್ಲಿ ತೇವಾಂಶ ಸುಮಾರು ಶೇ. 75 ದಾಟಿದರೆ ಮಾತ್ರ ಅಡುಗೆ ಉಪ್ಪು ನೀರು ಹೀರಿ ಕರಗೋದು. ಒಣ ಬೇಸಿಗೆಯಲ್ಲಿ ಅದು ಸುಮ್ಮನೆ ಬಿದ್ದಿರುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ಶೇ. 30ರ ಆಸುಪಾಸಿನಲ್ಲೇ ಹೀರುತ್ತೆ, ಅದಕ್ಕೇ ಕ್ಲೇ ಟೆನ್ನಿಸ್ ಕೋರ್ಟಿನವರು ಬಳಸೋದು. ಆದರೆ ಕಬ್ಬಿಣದ ಕಂಬಕ್ಕೆ ತುಕ್ಕು, ಅಂಚಿನ ಗಿಡಕ್ಕೆ ಕೇಡು, ಬಿದ್ದು ತರಚಿದ ಮಂಡಿಗೆ ಉರಿ. ಮಕ್ಕಳು ಡೈವ್ ಹೊಡೆಯೋ ಜಾಗಕ್ಕೆ ನಾನಂತೂ ಹಾಕಲ್ಲ.

ಇನ್ನೊಬ್ಬರು: ನಾವು ಮಧ್ಯಾಹ್ನ ಅಕ್ರಿಲಿಕ್ ಕೋರ್ಟಿಗೂ ನೀರು ಹೊಡೀತೀವಿ, ತಂಪಾಗುತ್ತೆ.

ಕ್ಲಬ್ ಕೋರ್ಟ್‌ಗಳ ಉಸ್ತುವಾರಿ: ತಂಪಾಗುತ್ತೆ, ಸ್ವಲ್ಪ ಹೊತ್ತು. ಒಣಗೋವರೆಗೂ ಜಾರುತ್ತೆ. ಬೋರ್ ನೀರು ಗಡಸಾಗಿದ್ದರೆ ಪ್ರತಿ ಸಲ ಬಿಳಿ ಕಲೆ ಬಿಟ್ಟು ಹೋಗುತ್ತೆ, ಆಮೇಲೆ ಅದನ್ನ ಉಜ್ಜೋಕೆ ಇನ್ನಷ್ಟು ನೀರು. ಆ ಹೊತ್ತಿಗೆ ಗೇಟಿಗೆ ಬೀಗ ಹಾಕೋದೇ ಮೇಲು, ಆಡುವವರ ಆರೋಗ್ಯಕ್ಕೂ. ನೀರು ಬಳಸಲೇಬೇಕು ಅಂದ್ರೆ ಬೆಳಿಗ್ಗೆ ಒಮ್ಮೆ ಕೋರ್ಟ್ ಪೂರ್ತಿ ನೆನೆಸಿ, ಒಂದು ಗಂಟೆ ಬಿಟ್ಟು ನೋಡಿ. ನಾಣ್ಯ ಮುಳುಗೋಷ್ಟು ನೀರು ನಿಂತಿರೋ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಬಣ್ಣ ಹೊಡೆಯೋ ಮುಂಚೆ ಆ ತಗ್ಗುಗಳನ್ನ ತುಂಬಿಸಬೇಕು. ಇಳಿಜಾರು ನೂರಕ್ಕೆ ಒಂದರಷ್ಟು, ಒಂದೇ ದಿಕ್ಕಿಗೆ ಇದ್ದರೆ ನೀರು ತಾನಾಗೇ ಹೋಗುತ್ತೆ.

ಕೇಳಿದವರು: ಗುಳ್ಳೆ ಕೊಯ್ದು ನೋಡಿದೆ. ಸಿಪ್ಪೆ ಒಳಗೆ ಹನಿ ಹನಿ ನೀರು! ಗುಳ್ಳೆಗಳೆಲ್ಲ ಹುಲ್ಲುಹಾಸಿನ ಕಡೆ ಅಂಚಿನಲ್ಲೇ ಇವೆ. ಅಲ್ಲಿ ಸ್ಪ್ರಿಂಕ್ಲರ್ ದಿನಾ ಓಡುತ್ತೆ.

ಕ್ಲಬ್ ಕೋರ್ಟ್‌ಗಳ ಉಸ್ತುವಾರಿ: ಹಾಗಾದ್ರೆ ಪೇಂಟ್‌ನವರಿಗೆ ಸದ್ಯಕ್ಕೆ ಬೇಡ ಅಂದುಬಿಡಿ. ಸ್ಪ್ರಿಂಕ್ಲರ್ ಮುಖ ತಿರುಗಿಸಿ, ಹುಲ್ಲಿಗೂ ಕೋರ್ಟಿಗೂ ನಡುವೆ ಜಲ್ಲಿ ತುಂಬಿದ ಕಾಲುವೆ ತೆಗೆಸಿ. ತಳ ಒಣಗಿ ಹೊಸ ಗುಳ್ಳೆ ಏಳೋದು ನಿಂತ ಮೇಲೆ ಸಡಿಲ ಪದರ ಕೆರೆದು ತೇಪೆ ಹಾಕಿಸಬಹುದು.

ವಾರಾಂತ್ಯದ ಆಟಗಾರ್ತಿ: ನೆಟ್ ಮರೀಬೇಡಿ. ಬಿಸಿಲಿಗೆ ನೂಲು ಪುಡಿಯಾಗುತ್ತೆ, ಆಟ ಇಲ್ಲದ ಹೊತ್ತು ತಂತಿ ಸಡಿಲಿಸಿದರೆ ಕಂಬದ ಮೇಲಿನ ಎಳೆತವೂ ಕಮ್ಮಿ. ಮತ್ತೆ ಬಿಗಿದಾಗ ನಡುವಿನ ಎತ್ತರ 0.914 ಮೀಟರ್ ಇದೆಯಾ ಅಂತ ಅಳೆಯಿರಿ. ಬೇಲಿಗೆ ಕಟ್ಟಿರೋ ಹಸಿರು ಪರದೆಯನ್ನ ಗಟ್ಟಿ ತಂತಿಯಲ್ಲಿ ಬಿಗಿಯೋದು ಬೇಡ, ಪ್ಲಾಸ್ಟಿಕ್ ಟೈ ಸಾಕು. ಬಿರುಗಾಳಿ ಬಂದರೆ ಟೈ ಕಿತ್ತು ಪರದೆ ಹಾರಲಿ, ಇಲ್ಲದಿದ್ದರೆ ಬೇಲಿ ಕಂಬವೇ ಬಾಗುತ್ತೆ. ನೆರಳಿಗೆ ಅಂತ ಅಂಪೈರ್ ಕುರ್ಚಿ, ಕಬ್ಬಿಣದ ಬೆಂಚು ಕೋರ್ಟ್ ಒಳಗೆ ಎಳೆದು ತರೋರಿಗೂ ಹೇಳಿ. ಕಾದ ಡಾಂಬರಿನಲ್ಲಿ ಕಾಲು ಊರಿಕೊಂಡು ನಾಲ್ಕು ಗುಳಿ ಬೀಳುತ್ತೆ. ತರಲೇಬೇಕಾದರೆ ಪ್ರತಿ ಕಾಲಿನ ಕೆಳಗೂ ಒಂದು ಅಗಲದ ಹಲಗೆ ತುಂಡು ಇಡಿ.