ಮದುವೆಗೆ ಮುಂಚೆ ಹೆಸರೇಕೆ ಬದಲಾಯಿತು?

ಸರಸ್ವತಿಪುರಂ ಓದುಗಿ:
ರಾತ್ರಿ ಅಡುಗೆಮನೆ ಒರೆಸಿಟ್ಟು ಮಗಳ ಮಾಂಗಾ (ಜಪಾನಿ ಚಿತ್ರಕಥೆ) ಓದುತ್ತೇನೆ. ಕಾವಲುಗಾರನ ಮಗಳನ್ನು ಕುಲೀನನೊಬ್ಬ ದತ್ತು ಪಡೆದು, ಹೊಸ ಹೆಸರಿಟ್ಟು, ಡ್ಯೂಕನ ಮಗನಿಗೆ ಕೊಡುತ್ತಾನೆ. ನಿಶ್ಚಿತಾರ್ಥದ ಪುಟದಲ್ಲಿ ಹೆತ್ತ ತಾಯಿಗೆ ಮುಖವೇ ಇಲ್ಲ. ಮುಷ್ಟಿಯಲ್ಲಿ ಹಿಡಿದ ಬಟ್ಟೆಯ ತುದಿ ಮಾತ್ರ. ಆ ಪುಟ ದಾಟಲು ನನ್ನಿಂದ ಆಗಲಿಲ್ಲ. ಮದುವೆಗೆ ದತ್ತು ಏಕೆ ಬೇಕಿತ್ತು? ಅಲ್ಲದೆ, ಆ ಡ್ಯೂಕ್ ಇನ್ನೊಂದು ಅನುವಾದದಲ್ಲಿ ಮಾರ್ಕ್ವೆಸ್ ಆಗಿದ್ದಾನೆ!

ಮಂಡ್ಯದ ನಿವೃತ್ತ ಮೇಷ್ಟ್ರು:
ಇದು ಬರೀ ಕಲ್ಪನೆಯಲ್ಲ, ತಾಯಿ. ಜಪಾನಿನ ಶಿಮಾಜು ಮನೆತನದ ಕವಲಿನಲ್ಲಿ ಹುಟ್ಟಿದ ಅತ್ಸುಹಿಮೆಯನ್ನು ಮೊದಲು ಆ ಮನೆತನದ ದೊರೆ, ಆಮೇಲೆ ಕ್ಯೋಟೋದ ಕುಲೀನ ಕೊನೋಎ ಮನೆತನ ದತ್ತು ಪಡೆದವು. 1856ರಲ್ಲಿ ಆಕೆ ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಇಯೆಸದನ ಕೈಹಿಡಿದಳು. ಸಮಸಮ ಮನೆಯ ಮಗಳೆನಿಸಲು ಎರಡು ದತ್ತು!

ಜಪಾನಿ ಕಲಿಯುತ್ತಿರುವವನು:
ಡ್ಯೂಕ್, ಮಾರ್ಕ್ವೆಸ್ ಎರಡಕ್ಕೂ ಜಪಾನಿಯಲ್ಲಿ 'ಕೋಶಕು' ಎಂದೇ ಉಚ್ಚಾರ, ಲಿಪಿ ಮಾತ್ರ ಬೇರೆ. ಗೊಂದಲ ಅಲ್ಲಿಂದಲೇ ಇರಬೇಕು. 1884ರಲ್ಲಿ ಜಪಾನಿನಲ್ಲಿ ಜಾರಿಗೆ ಬಂದ ಕುಲೀನರ ಐದು ದರ್ಜೆಗಳಲ್ಲಿ ಇವು ಮೊದಲೆರಡು. 1947ರಲ್ಲಿ ಎಲ್ಲವೂ ರದ್ದಾದವು.

ಸರಸ್ವತಿಪುರಂ ಓದುಗಿ:
ಧನ್ಯವಾದ ಮೇಷ್ಟ್ರೇ. ನಮ್ಮ ಅರಮನೆಯಲ್ಲೂ 2015ರಲ್ಲಿ ದತ್ತು ಸ್ವೀಕಾರವಾದಾಗ ಯದುವೀರರ ಹೆಸರಿನ 'ಗೋಪಾಲರಾಜೇ ಅರಸ್' ಹೋಗಿ 'ಕೃಷ್ಣದತ್ತ ಚಾಮರಾಜ ಒಡೆಯರ್' ಬಂದಿತಲ್ಲ. ಆದರೂ ಆ ತಾಯಿಗೆ ಒಂದು ಮುಖ ಬರೆಯಬೇಕಿತ್ತು.