ಸೆಂಟ್ರಲ್ ಬ್ಯಾಂಕಿಗೂ ಇನ್ನೊಂದು ಸೆಂಟ್ರಲ್ ಬ್ಯಾಂಕಿನಲ್ಲಿ ಖಾತೆ ಯಾಕೆ?

ಹೊಸ ಓದುಗ:
ನ್ಯೂಯಾರ್ಕ್ ಫೆಡ್‌ನಲ್ಲಿ (ಅಮೆರಿಕದ ಸೆಂಟ್ರಲ್ ಬ್ಯಾಂಕಾದ ಫೆಡರಲ್ ರಿಸರ್ವ್‌ನ ನ್ಯೂಯಾರ್ಕ್ ಬ್ಯಾಂಕ್) ಎಷ್ಟೋ ದೇಶಗಳ ಸೆಂಟ್ರಲ್ ಬ್ಯಾಂಕುಗಳ ಖಾತೆ ಇದೆಯಂತೆ. ಕರೆಸ್ಪಾಂಡೆಂಟ್ ಬ್ಯಾಂಕಿಂಗ್, ಅಂದರೆ ಒಂದು ಬ್ಯಾಂಕ್ ಇನ್ನೊಂದು ಬ್ಯಾಂಕಿನ ಪರವಾಗಿ ಖಾತೆ ಇಟ್ಟು ಪಾವತಿ ಮಾಡೋದು, ವಾಣಿಜ್ಯ ಬ್ಯಾಂಕುಗಳ ಕೆಲಸ ಅಲ್ವಾ? ಡಾಲರ್ ಕಳಿಸೋದಕ್ಕೆ ಯಾವುದಾದರೂ ದೊಡ್ಡ ಖಾಸಗಿ ಬ್ಯಾಂಕ್ ಸಾಕಾಗಲ್ವಾ?

ಖಾತೆಪುಸ್ತಕ:
ಬರೀ ಕಳಿಸೋದಕ್ಕಾದರೆ ಸಾಕು. ಆದರೆ ದೇಶದ ವಿದೇಶಿ ವಿನಿಮಯ ಮೀಸಲನ್ನು ಎಲ್ಲಿ ಇಡೋದು ಅನ್ನೋದೇ ಇಲ್ಲಿ ಮುಖ್ಯ. ಖಾಸಗಿ ಬ್ಯಾಂಕ್ ಮುಳುಗಬಹುದು, 2008ರಲ್ಲಿ ಎಲ್ಲರೂ ನೋಡಿದ್ದೇವೆ. ಡಾಲರನ್ನು ತಾನೇ ಸೃಷ್ಟಿಸುವ ಫೆಡ್‌ಗೆ ಡಾಲರ್ ಕೊಡೋಕೆ ಆಗಲ್ಲ ಅನ್ನುವ ಸ್ಥಿತಿ ಬರೋದಿಲ್ಲ. ಪಾವತಿ ಒಂದು ಭಾಗ ಅಷ್ಟೇ. ಅಮೆರಿಕ ಸರ್ಕಾರದ ಸಾಲಪತ್ರಗಳನ್ನು ಅಲ್ಲೇ ಕಸ್ಟಡಿಯಲ್ಲಿ (ಸುರಕ್ಷಿತ ಪಾಲನೆಯಲ್ಲಿ) ಇಡುತ್ತಾರೆ, ಬಡ್ಡಿ ಬಂದಾಗ ಖಾತೆಗೆ ಜಮಾ ಆಗುತ್ತದೆ, ಸಂಜೆ ಖಾತೆಯಲ್ಲಿ ಮಿಕ್ಕ ಹಣವನ್ನು ಒಂದು ರಾತ್ರಿಯ ರೆಪೋಗೆ (ಸಾಲಪತ್ರದ ಭದ್ರತೆಯ ಮೇಲೆ ಕೊಡುವ ಅಲ್ಪಾವಧಿ ಸಾಲಕ್ಕೆ) ಹಾಕಬಹುದು. 2021ರಿಂದ ಇನ್ನೊಂದು ಕಾಯಂ ಸೌಲಭ್ಯವೂ ಇದೆ: ಫೆಡ್‌ನ ಒಪ್ಪಿಗೆ ಸಿಕ್ಕ ಸೆಂಟ್ರಲ್ ಬ್ಯಾಂಕುಗಳು ಆ ಸಾಲಪತ್ರ ಕೊಟ್ಟು ತಾತ್ಕಾಲಿಕವಾಗಿ ಡಾಲರ್ ಪಡೆಯಬಹುದು. ಕಷ್ಟದ ದಿನ ಸಾಲಪತ್ರವನ್ನು ಸಿಕ್ಕ ಬೆಲೆಗೆ ಮಾರುವ ಗತಿ ಬರಲ್ಲ. ನನಗೆ ಇದೇ ದೊಡ್ಡ ಅನುಕೂಲ ಅನಿಸುತ್ತದೆ.

ಲೆಡ್ಜರ್:
ಒಪ್ಪುತ್ತೇನೆ, ಆದರೆ ಬಾಂಗ್ಲಾದೇಶದ ಸೆಂಟ್ರಲ್ ಬ್ಯಾಂಕಾದ ಬಾಂಗ್ಲಾದೇಶ ಬ್ಯಾಂಕಿಗೆ ಆದದ್ದನ್ನು ಬಿಟ್ಟು ಈ ಮಾತು ಪೂರ್ತಿ ಆಗಲ್ಲ. 2016ರ ಫೆಬ್ರವರಿಯಲ್ಲಿ ಕಳ್ಳರು ಅದರ ಕಂಪ್ಯೂಟರ್‌ಗಳಿಗೆ ನುಗ್ಗಿ, ಅದರದೇ ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಮೂಲಕ, ನ್ಯೂಯಾರ್ಕ್ ಫೆಡ್‌ನಲ್ಲಿದ್ದ ಅದರ ಖಾತೆಯಿಂದ ಹಣ ಕೊಡಿ ಅಂತ 35 ಪಾವತಿ ಆದೇಶ ಕಳಿಸಿದರು. ಒಟ್ಟು ಸುಮಾರು 95 ಕೋಟಿ ಡಾಲರ್! ಹೆಚ್ಚಿನವು ತಡೆದುಹೋದವು, ಆದರೂ 8.1 ಕೋಟಿ ಡಾಲರ್ ಫಿಲಿಪೀನ್ಸ್ ಸೇರಿತು. ಸ್ವಿಫ್ಟ್ ಸಂದೇಶಗಳು ತಾವಾಗಿಯೇ ಮುದ್ರಣ ಆಗಬೇಕಿದ್ದ ಢಾಕಾದ ಪ್ರಿಂಟರ್ ಕೆಟ್ಟು ನಿಂತಿತ್ತು. ಅದು ಸರಿಯಾದ ಮೇಲೆ ನೋಡಿದರೆ, ಈ ಪಾವತಿಗಳೇನು ಅಂತ ನ್ಯೂಯಾರ್ಕ್ ಕೇಳಿದ್ದ ಪ್ರಶ್ನೆಗಳು ಹೊರಬಂದವು. ಢಾಕಾದಲ್ಲಿ ಶುಕ್ರವಾರ ರಜೆ, ಅಲ್ಲಿಂದ ಫೋನ್ ಮಾಡೋಣ ಅನ್ನುವಷ್ಟರಲ್ಲಿ ನ್ಯೂಯಾರ್ಕಿನಲ್ಲಿ ವಾರಾಂತ್ಯ. ಫೆಡ್‌ನ ವ್ಯವಸ್ಥೆಗೆ ಯಾರೂ ನುಗ್ಗಿರಲಿಲ್ಲ, ಬಂದ ಆದೇಶ ಅಧಿಕೃತವಾಗಿಯೇ ಕಾಣುತ್ತಿತ್ತು. ಖಾತೆ ಎಷ್ಟೇ ಭದ್ರವಾದ ಕಡೆ ಇರಲಿ, ಆದೇಶ ಹೊರಡುವ ಕೋಣೆ ಭದ್ರ ಇಲ್ಲದಿದ್ದರೆ ಏನು ಬಂತು?

ಹೊಸ ಓದುಗ:
ಹಾಗಾದರೆ ಎಲ್ಲವೂ ನ್ಯೂಯಾರ್ಕಿನಲ್ಲೇ ಇರಬೇಕಾ?

ಖಾತೆಪುಸ್ತಕ:
ಇಲ್ಲ. ಯೂರೋ ಮೀಸಲಿಗೆ ಯೂರೋ ವಲಯದ ಸೆಂಟ್ರಲ್ ಬ್ಯಾಂಕುಗಳು 2005ರಿಂದ ಒಂದೇ ಷರತ್ತುಗಳಡಿ ಇಂಥ ಸೇವೆ ಕೊಡುತ್ತಿವೆ. ಬಾಸೆಲ್‌ನಲ್ಲಿ 1930ರಲ್ಲಿ ಶುರುವಾದ ಬಿಐಎಸ್ (ಸೆಂಟ್ರಲ್ ಬ್ಯಾಂಕುಗಳಿಗೇ ಬ್ಯಾಂಕಾಗಿರುವ ಅಂತರರಾಷ್ಟ್ರೀಯ ಸಂಸ್ಥೆ) ಕೂಡ ಇದೆ. ಸುಮ್ನೆ ಹಂಚಿ ಇಟ್ಟರೆ ಸಾಲದು. ಖಾತೆ ಇರುವ ದೇಶದ ಕಾನೂನೇ ಅದಕ್ಕೆ ಅನ್ವಯ. 2022ರಲ್ಲಿ ರಷ್ಯಾದ ಡಾಲರ್ ಮತ್ತು ಯೂರೋ ಮೀಸಲು ಎರಡೂ ಒಟ್ಟಿಗೇ ಸ್ಥಗಿತ ಆದವು.