ಎರಡು ಗ್ರಾಫಿಕ್ಸ್ ಕಾರ್ಡ್ ಇದ್ದೂ ರೆಂಡರ್ ವೇಗ ಏರುಪೇರು: ಅನುಭವ ಇದ್ದವರು ಹೇಳಿ

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನ ಸೈಕಲ್ಸ್ ಎಂಜಿನ್‌ನಲ್ಲಿ ಅನಿಮೇಷನ್ ರೆಂಡರ್ ಮಾಡಲು (3ಡಿ ದೃಶ್ಯದಿಂದ ಚಿತ್ರ ತಯಾರಿಸಲು) ಎರಡು ಆರ್‌ಟಿಎಕ್ಸ್ 3090 ಹಾಕಿದ್ದೇನೆ. ಮೊದಲ ಕೆಲವು ಫ್ರೇಮ್ ಬೇಗ ಮುಗಿಯುತ್ತವೆ, ಆಮೇಲೆ ವೇಗ ಇಳಿಯುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದು ಕಾರ್ಡ್ ಸೊನ್ನೆಯ ಹತ್ತಿರವೇ ಇರುತ್ತದೆ. ಕಾರ್ಡ್ ಕೆಟ್ಟಿದೆಯಾ? ಪವರ್ ಸಪ್ಲೈ ಸಾಲುತ್ತಿಲ್ಲವಾ? ಎಲ್ಲಿಂದ ಹುಡುಕಲಿ?

* * *

ಕಾರ್ಡ್ ಕೆಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಟಾಸ್ಕ್ ಮ್ಯಾನೇಜರ್ ಮೊದಲಿಗೆ ತೋರಿಸುವುದು ‘3ಡಿ’ ಗ್ರಾಫ್. ರೆಂಡರ್ ನಡೆಯುವುದು ಕ್ಯೂಡಾದಲ್ಲಿ, ಅಂದರೆ ಕಾರ್ಡ್ ಮೇಲೆ ಲೆಕ್ಕ ಓಡಿಸುವ ವ್ಯವಸ್ಥೆಯಲ್ಲಿ. ಅದು ಆ ಗ್ರಾಫ್‌ಗೆ ಸೇರುವುದಿಲ್ಲ. ಹಾಗಾಗಿ ಪೂರ್ತಿ ದುಡಿಯುತ್ತಿರುವ ಕಾರ್ಡ್ ಕೂಡ ಅಲ್ಲಿ ಸುಮ್ನೆ ಕೂತ ಹಾಗೆ ಕಾಣಬಹುದು. ಅದರ ಬದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾರ್ಡ್‌ಗಳ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ (nvidia-smi) ಓಡಿಸಿ, ಎರಡೂ ಕಾರ್ಡ್‌ಗಳ ವ್ಯಾಟ್ ನೋಡಿ. ಕೆಲಸ ಮಾಡುತ್ತಿರುವ ಕಾರ್ಡ್ ಕರೆಂಟ್ ಎಳೆಯಲೇಬೇಕು ಅಲ್ವಾ?

ಆಮೇಲೆ ಬ್ಲೆಂಡರ್ ಸೆಟ್ಟಿಂಗ್‌ನಲ್ಲಿ ಒಂದೊಂದೇ ಕಾರ್ಡ್‌ಗೆ ಟಿಕ್ ಹಾಕಿ ಅದೇ ಫ್ರೇಮ್ ರೆಂಡರ್ ಮಾಡಿ, ಸಮಯ ಬರೆದಿಟ್ಟುಕೊಳ್ಳಿ. ಒಂದು ನಿಮಿಷದ ಪರೀಕ್ಷೆ ಸಾಲದು. ಹದಿನೈದು ನಿಮಿಷವಾದರೂ ಬಿಡದೆ ಓಡಲಿ, ಬಿಸಿ ಏರಲು ಅಷ್ಟು ಬೇಕು. ಒಂದು ನಿಧಾನ ಅನ್ನಿಸಿದರೆ ಕಂಪ್ಯೂಟರ್ ಆಫ್ ಮಾಡಿ ಎರಡರ ಸ್ಲಾಟ್ ಅದಲುಬದಲು ಮಾಡಿ. ತೊಂದರೆ ಕಾರ್ಡ್ ಜೊತೆ ಹೋಯಿತಾ, ಸ್ಲಾಟ್‌ನಲ್ಲೇ ಉಳಿಯಿತಾ ನೋಡಿ. ಇದನ್ನು ಮಾಡದೆ ಡ್ರೈವರ್ ಬದಲಿಸುವುದು, ವಿಂಡೋಸ್ ಮತ್ತೆ ಹಾಕುವುದು ಎಲ್ಲ ಬರೀ ಸಮಯ ದಂಡ.

ಒಂಟಿಯಾಗಿ ಎರಡೂ ಚೆನ್ನಾಗಿದ್ದು, ಜೊತೆಗೆ ಓಡಿದಾಗ ಮಾತ್ರ ವೇಗ ಇಳಿದರೆ ನನ್ನ ಅನುಮಾನ ಬಿಸಿಯ ಮೇಲೆ. ನೀವು ಹೇಳಿದ ಲಕ್ಷಣವೂ ಅದೇ, ಮೊದಲು ವೇಗ, ಆಮೇಲೆ ನಿಧಾನ. ಟವರ್ ಕೇಸ್‌ನಲ್ಲಿ ಕಾರ್ಡ್‌ಗಳು ಒತ್ತಾಗಿ ಕೂತರೆ ಕೆಳಗಿನದರ ಬಿಸಿ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. 3090ಯಲ್ಲಿ ಇನ್ನೊಂದು ವಿಷಯ ಇದೆ. ಅದರ ಮೆಮೊರಿ ಚಿಪ್‌ಗಳಲ್ಲಿ ಅರ್ಧ ಬೋರ್ಡಿನ ಹಿಂಬದಿಯಲ್ಲಿವೆ, ಅಲ್ಲಿ ಫ್ಯಾನ್ ಇಲ್ಲ. ಮುಖ್ಯ ಚಿಪ್‌ನ ತಾಪ 70 ಡಿಗ್ರಿ ಅಂತ ನೋಡಿ ನೆಮ್ಮದಿಯಾಗಿ ಇರುತ್ತೇವೆ, ಅಷ್ಟರಲ್ಲಿ ಮೆಮೊರಿ 110 ಮುಟ್ಟಿ ಕಾರ್ಡ್ ತಾನಾಗಿ ವೇಗ ಇಳಿಸಿಕೊಂಡಿರುತ್ತದೆ. ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೋ (HWiNFO) ಸಾಫ್ಟ್‌ವೇರ್‌ನಲ್ಲಿ ‘ಮೆಮೊರಿ ಜಂಕ್ಷನ್’ ಎಂಬ ಸಾಲು ನೋಡಿ, ನಿಮ್ಮ ಉತ್ತರ ಅಲ್ಲೇ ಸಿಗಬಹುದು.

ನನ್ನ ಮಷಿನ್‌ನಲ್ಲಿ ಕೆಲಸಕ್ಕೆ ಬಂದದ್ದು ಎರಡು. ಕಾರ್ಡ್‌ಗಳ ನಡುವೆ ಒಂದು ಸ್ಲಾಟ್ ಜಾಸ್ತಿ ಜಾಗ ಬಿಟ್ಟೆ, ಮತ್ತು ಪವರ್ ಮಿತಿ ಇಳಿಸಿದೆ. 350 ವ್ಯಾಟ್‌ನ ಕಾರ್ಡನ್ನು 280ಕ್ಕೆ ಇಳಿಸಿದರೆ ಒಂದು ಫ್ರೇಮಿನ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೆ ರಾತ್ರಿಯಿಡೀ ಅದೇ ವೇಗ ಉಳಿಯುತ್ತದೆ. ಅನಿಮೇಷನ್‌ಗೆ ಅದೇ ಮುಖ್ಯ. ಎನ್‌ವಿಡಿಯಾ-ಎಸ್‌ಎಂಐಯಿಂದ ಮಿತಿ ಇಳಿಸಲು ಅಡ್ಮಿನ್ ಅನುಮತಿ ಬೇಕು. ರೀಸ್ಟಾರ್ಟ್ ಆದಮೇಲೆ ಮತ್ತೆ ಹಳೆಯ ಮಿತಿಗೇ ಹೋಗುತ್ತದೆ, ನೆನಪಿರಲಿ.

* * *

ಸ್ಲಾಟ್‌ನಲ್ಲೇ ತೊಂದರೆ ಉಳಿದರೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ (GPU-Z) ಸಾಫ್ಟ್‌ವೇರ್‌ನಲ್ಲಿ ‘ಬಸ್ ಇಂಟರ್‌ಫೇಸ್’ ನೋಡಿ. ಬಹಳ ಮದರ್‌ಬೋರ್ಡ್‌ಗಳಲ್ಲಿ ಎರಡನೇ ಉದ್ದ ಸ್ಲಾಟ್‌ಗೆ ಸಿಗುವುದು ನಾಲ್ಕೇ ಲೇನ್ (ಮಾಹಿತಿ ಹಾದುಹೋಗುವ ದಾರಿ). ಕಾರ್ಡ್ ಸುಮ್ನಿದ್ದಾಗ ಕರೆಂಟ್ ಉಳಿಸಲು ಪಿಸಿಐಇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕ) ಲಿಂಕ್ ವೇಗ 1.1 ಆವೃತ್ತಿಗೆ ಇಳಿದಿರುತ್ತದೆ. ಅದನ್ನು ನೋಡಿ ಗಾಬರಿ ಬೇಡ, ರೆಂಡರ್ ಓಡುವಾಗ ನೋಡಿ. ನಾಲ್ಕು ಲೇನ್ ಇದ್ದರೂ ಸೀನ್ ಲೋಡ್ ಆಗುವುದು ತಡವಾಗುತ್ತದೆ ಅಷ್ಟೇ. ಸೀನ್ ಪೂರ್ತಿ ಕಾರ್ಡಿನ ಮೆಮೊರಿಯಲ್ಲಿ ಕೂತಮೇಲೆ ರೆಂಡರ್‌ಗೆ ಹೆಚ್ಚು ವ್ಯತ್ಯಾಸ ಬರದು.

ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಕೂರಿಸಲು ಬಳಸುವ ಕೇಬಲ್) ಹಾಕಿದ್ದೀರಾ? ಪಿಸಿಐಇ 3.0ಗೆ ಮಾಡಿದ ಕೇಬಲ್ 4.0 ಸ್ಲಾಟ್‌ನಲ್ಲಿ ಕಾಟ ಕೊಡಬಹುದು. ಬಯಾಸ್‌ನಲ್ಲಿ ಸ್ಲಾಟನ್ನು ಜೆನ್ 3ಕ್ಕೆ (ಅಂದರೆ 3.0ಗೆ) ಇಳಿಸಿ ನೋಡಿ. ಪವರ್ ಬಗ್ಗೆ ಕೇಳಿದಿರಿ: ಒಂದೇ ಕೇಬಲ್‌ನ ಕವಲೊಡೆದ ಎರಡು ತುದಿಗಳನ್ನು ಒಂದು ಕಾರ್ಡ್‌ಗೆ ಚುಚ್ಚಬೇಡಿ. 8 ಪಿನ್ ಕನೆಕ್ಟರ್‌ನ ಲೆಕ್ಕ 150 ವ್ಯಾಟ್. ಪ್ರತಿಯೊಂದಕ್ಕೂ ಬೇರೆ ಕೇಬಲ್ ಎಳೆಯಿರಿ.

* * *

ಮೇಲಿನದ್ದೆಲ್ಲ ಸರಿ ಇದ್ದೂ ಎರಡನೇ ಕಾರ್ಡಿನ ಲಾಭ ಕಾಣದಿದ್ದರೆ ನಿಮ್ಮ ಫ್ರೇಮ್ ಎಷ್ಟು ಹೊತ್ತಿನದು ನೋಡಿ. ಪ್ರತಿ ಫ್ರೇಮಿಗೂ ಮೊದಲು ಸೀನ್ ಸಿದ್ಧ ಮಾಡುವ ಕೆಲಸದಲ್ಲಿ ಹೆಚ್ಚಿನದು ಸಿಪಿಯುವಿನದು. ಆಗ ಕಾರ್ಡ್‌ಗಳೆರಡೂ ಕಾಯುತ್ತವೆ. ಫ್ರೇಮ್ ಕೆಲವೇ ಸೆಕೆಂಡಿನದಾದರೆ ಎರಡು ಕಾರ್ಡ್ ಇದ್ದರೂ ಸಮಯ ಅರ್ಧ ಆಗುವುದಿಲ್ಲ. ‘ಪರ್ಸಿಸ್ಟೆಂಟ್ ಡೇಟಾ’ (ಸೀನ್‌ನ ಮಾಹಿತಿಯನ್ನು ಮುಂದಿನ ಫ್ರೇಮಿಗೂ ಮೆಮೊರಿಯಲ್ಲೇ ಉಳಿಸಿಕೊಳ್ಳುವ ಆಯ್ಕೆ) ಆನ್ ಮಾಡಿ ನೋಡಿ.

ನನಗೆ ಅದಕ್ಕಿಂತ ಚೆನ್ನಾಗಿ ಒದಗಿದ್ದು ಬೇರೆ ದಾರಿ. ಬ್ಲೆಂಡರ್ ಎರಡು ಸಲ ತೆರೆದು, ಒಂದೊಂದಕ್ಕೂ ಒಂದೊಂದು ಕಾರ್ಡ್ ಕೊಡಿ. ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ತೆಗೆದು ‘ಪ್ಲೇಸ್‌ಹೋಲ್ಡರ್ಸ್’ ಹಾಕಿ. ಒಂದು ಕೈಗೆತ್ತಿಕೊಂಡ ಫ್ರೇಮನ್ನು ಇನ್ನೊಂದು ಬಿಟ್ಟು ಮುಂದೆ ಹೋಗುತ್ತದೆ, ಯಾರೂ ಯಾರಿಗೂ ಕಾಯುವುದಿಲ್ಲ. ಒಂದು ಕಾರ್ಡ್ ನಿಧಾನವಾದರೂ ಇನ್ನೊಂದರ ಕೆಲಸ ನಿಲ್ಲದು. ಆದರೆ ಸೀನ್ ಎರಡು ಸಲ ಲೋಡ್ ಆಗುವುದರಿಂದ ರ‍್ಯಾಮ್ ಹೆಚ್ಚುಕಡಿಮೆ ದುಪ್ಪಟ್ಟು ಬೇಕು. ಶುರು ಮಾಡುವ ಮುಂಚೆ ಒಂದು ಭಾರದ ಫ್ರೇಮ್ ಓಡಿಸಿ, ಎಷ್ಟು ರ‍್ಯಾಮ್ ತಿನ್ನುತ್ತದೆ ಅಂತ ನೋಡಿಕೊಳ್ಳಿ.